ಭಕ್ತನ ಮನೆಯ ಭೂಷಣ

(ಶ್ರೀಮಠದ ಮಹೋತ್ಸವದ ಸಂದರ್ಭದಲ್ಲಿ ನೀಡಿದ ಉಪನ್ಯಾಸ)

ಶ್ರೀ ಗುರು ಬಸವಲಿಂಗಾಯ ನಮಃ

 

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯು ಕನ್ನಡನಾಡಿನಲ್ಲಿ ಕೇಳದವರಿಲ್ಲ. ಈ ಎರಡು ಕಾರ್ಯಗಳಲ್ಲಿಯೂ ಗೃಹಸ್ಥನ ವಿವೇಕವು ಒರೆಗಲ್ಲಿಗೆ ಹತ್ತುವುದು. ಮನೆಯನ್ನು ಕಟ್ಟುವವನು ಗೋಡೆಗಳು ಏಳುವವರೆಗೆ ಹೇಗೋ ಲೆಕ್ಕವನ್ನು ಇಟ್ಟಿರುವನು. ಗೋಡೆಗಳು ಎದ್ದ ಬಳಿಕ ಅವುಗಳಿಗೆ ಬಳಿಯುವ ಬಣ್ಣವೇನು, ನೆಲಕ್ಕೆ ಹಾಸುವುದೇನು, ನಡುಮನೆಯಲ್ಲಿ ಇಡುವ ಪೀಠಗಳೆಂಥವು ಎಂಬಲ್ಲಿಗೆ ಬಂದಾಗ ಲೆಕ್ಕವು ತಪ್ಪುವುದು. ಅಲ್ಲಿ ಅವನು ತನ್ನ ಅಗತ್ಯವನ್ನು ಮರೆತು ನೆರೆಯವನ ನಡುಮನೆಯ ಕಡೆಗೆ ನೋಡುವನು. ಸಾಲವು ಆರಂಭವಾಗುವುದೂ ಅಲ್ಲಿಯೇ. ಕಾಡಿಗೂ ನೀರಿಗೂ ಕೇಡು ಆರಂಭವಾಗುವುದೂ ಅಲ್ಲಿಯೇ. ಆದಕಾರಣ ಗೃಹಾಲಂಕಾರವೆಂಬುದು ಮಠದ ಸಭೆಯಲ್ಲಿ ವಿಚಾರಿಸುವುದಕ್ಕೆ ತೀರ ಲೌಕಿಕವಾದ ವಿಷಯವೆಂದು ಯಾರೂ ಭಾವಿಸಬೇಕಾದುದಿಲ್ಲ. ಶರಣರು ಅಕ್ಕಿ, ಹಗ್ಗ, ಮಡಕೆ, ಬುಟ್ಟಿಗಳ ನಡುವೆ ಕುಳಿತು ಶಿವಾನುಭವವನ್ನು ಆಡಿದವರು. ಮನೆಯೊಳಗಿನ ಪದಾರ್ಥಗಳನ್ನು ಹೇಗೆ ಗಳಿಸಬೇಕು, ಹೇಗೆ ಬಳಸಬೇಕು ಎಂಬುದೇ ಅವರ ಉಪದೇಶದ ಒಂದು ದೊಡ್ಡ ಭಾಗವಾಗಿತ್ತು.

ಈ ವಿಷಯದಲ್ಲಿ ಮೊದಲು ನೆನೆಯಬೇಕಾದವಳು ಆಯ್ದಕ್ಕಿ ಲಕ್ಕಮ್ಮ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು ನೆಲೆಸಿದ ಮಾರಯ್ಯ ಲಕ್ಕಮ್ಮ ದಂಪತಿಗಳ ಕಾಯಕವು ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚಾದ ಅಕ್ಕಿಯನ್ನು ತಂದನು. ಬಡವರ ಮನೆಗೆ ಅಕ್ಕಿ ಹೆಚ್ಚಾಗಿ ಬಂದರೆ ಗೃಹಿಣಿಯು ಹಿಗ್ಗುವುದು ಲೋಕರೂಢಿ. ಲಕ್ಕಮ್ಮನು ಹಿಗ್ಗಲಿಲ್ಲ, ಅಂದಿನ ಅಗತ್ಯಕ್ಕಿಂತ ಮಿಗಿಲಾದುದನ್ನು ಎಲ್ಲಿಂದ ತಂದನೋ ಅಲ್ಲಿಯೇ ಸುರಿದು ಬರುವಂತೆ ಪತಿಗೆ ಹೇಳಿದಳು. ಆ ಅಕ್ಕಿಯು ಕಳವಿನದಲ್ಲ; ನೆಲದ ಮೇಲೆ ಬಿದ್ದು ಹಾಳಾಗತಕ್ಕ ಅಕ್ಕಿ. ಆದರೂ ಬೇಕಾದುದಕ್ಕಿಂತ ಹೆಚ್ಚಾಗಿ ತಂದುದೇ ದೋಷವೆಂದು ಆ ತಾಯಿಯು ಕಂಡಳು. ಮನೆಯನ್ನು ಸಜ್ಜುಗೊಳಿಸುವವನಿಗೆ ಇದಕ್ಕಿಂತ ದೊಡ್ಡ ಸೂತ್ರವು ಮತ್ತೊಂದಿಲ್ಲ. ಇಂದಿನವರು ಪರಿಸರಸ್ನೇಹಿ ಎಂದು ಕರೆಯುವ ಜೀವನಕ್ರಮವು ಲಕ್ಕಮ್ಮನ ಅಂಗಳದಲ್ಲಿ ಎಂಟು ಶತಮಾನಗಳಿಗಿಂತ ಹಿಂದೆಯೇ ನಡೆದುಹೋಗಿರುವುದು.

ಕೊಡಗಿನಲ್ಲಿ ವಾಸಿಸುವ ಭಕ್ತರಿಗೆ ಈ ಸೂತ್ರವು ಮಿಕ್ಕವರಿಗಿಂತ ಹೆಚ್ಚಾಗಿ ಸಲ್ಲುವುದು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆಯು ಬೀಳುವುದು. ತಲಕಾವೇರಿ, ಭಾಗಮಂಡಲಗಳ ಕಡೆಗೆ ಅದಕ್ಕಿಂತಲೂ ಬಹಳ ಹೆಚ್ಚು. ಈ ನೀರನ್ನು ಮರಗಳ ಬೇರುಗಳೂ ಮಣ್ಣೂ ಹಿಡಿದಿಟ್ಟು, ಬೇಸಿಗೆಯವರೆಗೆ ತೊರೆತೊರೆಯಾಗಿ ಬಿಟ್ಟುಕೊಡುವುದರಿಂದಲೇ ಕಾವೇರಿಯು ಮೈಸೂರು, ಬೆಂಗಳೂರುಗಳನ್ನೂ ತಮಿಳುನಾಡಿನ ಗದ್ದೆಗಳನ್ನೂ ಸಾಕುತ್ತಿರುವಳು. ಕೊಡಗಿನ ಒಂದು ಮನೆಯಲ್ಲಿ ಏನನ್ನು ತಂದು ಇಟ್ಟರು, ಏನನ್ನು ಹೊರಗೆ ಎಸೆದರು ಎಂಬುದರ ಫಲವು ಆ ಮನೆಯ ಅಂಗಳದಲ್ಲಿಯೇ ನಿಲ್ಲುವುದಿಲ್ಲ. ಅದು ಹೊಳೆಯನ್ನು ಹಿಡಿದು ಕೆಳಕ್ಕೆ ಸಾಗುವುದು.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮಾದಾಪುರ, ಜೋಡುಪಾಲ ಮೊದಲಾದ ಎಡೆಗಳಲ್ಲಿ ಗುಡ್ಡಗಳು ಕುಸಿದು ಮನೆಗಳೂ ತೋಟಗಳೂ ಮಣ್ಣುಪಾಲಾದುದನ್ನು ಈ ನಾಡು ಮರೆತಿಲ್ಲ. 2019ರಲ್ಲಿ ವಿರಾಜಪೇಟೆಯ ಕಡೆಯ ತೋರ ಗ್ರಾಮದಲ್ಲಿಯೂ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿಯೂ ಅದೇ ದುರ್ಘಟನೆಯು ನಡೆಯಿತು. ಅತಿಯಾದ ಮಳೆಯು ಇದಕ್ಕೆ ಮುಖ್ಯ ಕಾರಣವಾದರೂ, ಮನೆಗಳಿಗೂ ರಸ್ತೆಗಳಿಗೂ ಗುಡ್ಡದ ಇಳಿಜಾರನ್ನು ನೆಟ್ಟಗೆ ಕಡಿದುದೂ, ನೀರು ಹರಿಯುವ ಸಹಜವಾದ ದಾರಿಗಳನ್ನು ಮುಚ್ಚಿದುದೂ ಕೇಡನ್ನು ಹೆಚ್ಚಿಸಿದುವೆಂದು ಭೂವಿಜ್ಞಾನಿಗಳು ತಿಳಿಸಿರುವರು. ಕಣಿವೆಯ ನೋಟವು ಚೆನ್ನಾಗಿ ಕಾಣಬೇಕೆಂದು ಗುಡ್ಡದ ನೆತ್ತಿಯನ್ನು ತಟ್ಟು ಮಾಡಿ ಮನೆ ಕಟ್ಟುವುದೂ ಗೃಹಾಲಂಕಾರದ ಹೆಸರಿನಲ್ಲಿಯೇ ನಡೆಯುವ ಕಾರ್ಯವಲ್ಲವೆ? ಆದುದರಿಂದ ಕೊಡಗಿನಲ್ಲಿ ಮನೆಯ ಮೊದಲನೆಯ ಅಲಂಕಾರವು ಅದು ನಿಂತಿರುವ ನೆಲವನ್ನು ನೋಯಿಸದಿರುವುದು. ಇಳಿಜಾರಿಗೆ ಹೊಂದಿಕೊಂಡ ಚಿಕ್ಕ ಮನೆ, ಮಳೆನೀರಿಗೆ ತೆರೆದ ಚರಂಡಿ, ಹಿತ್ತಿಲಿನಲ್ಲಿ ಆಳವಾಗಿ ಬೇರು ಬಿಡುವ ಮರಗಳು, ಇವು ಮೂರೂ ಇಲ್ಲದ ಮನೆಗೆ ಒಳಗೆ ಎಷ್ಟು ಸಜ್ಜು ಮಾಡಿದರೂ ಅದು ಅಸ್ಥಿರವೇ.

ಈ ನಾಡಿನ ಹಿಂದಿನವರ ಮನೆಗಳನ್ನು ನೋಡಿದರೆ ಅನೇಕ ಪಾಠಗಳು ದೊರೆಯುವುವು. ಕೊಡಗನ್ನು 1834ರವರೆಗೆ ಆಳಿದ ಹಾಲೇರಿ ವಂಶದ ಅರಸರು ಲಿಂಗವಂತರೆಂಬುದು ಸರ್ವವಿದಿತವಾಗಿದೆ. ಆ ವಂಶದ ದೊಡ್ಡ ವೀರರಾಜೇಂದ್ರನು ತಡಿಯಂಡಮೋಳ್ ಬೆಟ್ಟದ ತಪ್ಪಲಿನಲ್ಲಿ, ಕಕ್ಕಬೆಯ ಸಮೀಪ, 18ನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯನ್ನು ಇಂದಿಗೂ ಕಾಣಬಹುದು. ಹೆಸರಿಗೆ ಅರಮನೆಯಾದರೂ ಅದು ಎರಡಂತಸ್ತಿನ ಮಿತವಾದ ಮನೆ. ಕೆತ್ತಿದ ಮರದ ಕಂಬಗಳೂ, ಗೋಡೆಯ ಮೇಲಿನ ಚಿತ್ರಗಳೂ ಅದರ ಶೃಂಗಾರ. ಅರಸನಾದವನಿಗೆ ದೂರದೇಶದ ಸಾಮಗ್ರಿಯನ್ನು ತರಿಸುವ ಶಕ್ತಿಯಿದ್ದರೂ ಆ ಕಾಡಿನ ನಡುವೆ ಆ ಮನೆಯು ಸುತ್ತಣ ನೆಲಕ್ಕೆ ಹೊಂದಿಕೊಂಡೇ ನಿಂತಿದೆ.

ಕೊಡವ ಮನೆತನಗಳ ಐನ್‌ಮನೆಗಳೂ ಇದೇ ಬಗೆಯವು. ಮಣ್ಣಿನ ದಪ್ಪವಾದ ಗೋಡೆ, ಮರದ ಕಂಬಗಳು, ಮುಂದುಗಡೆ ಕೈಯಾಲೆಯೆಂಬ ಜಗಲಿ, ಕಂಬಗಳ ನಡುವೆ ಕೂರಿಸಿದ ಐಮರವೆಂಬ ದಪ್ಪವಾದ ಹಲಗೆ, ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುವ ದೀಪ, ಇಷ್ಟರಿಂದಲೇ ಆ ಮನೆಗಳಿಗೆ ಗಾಂಭೀರ್ಯವು ಬಂದಿರುವುದು. ಐಮರವನ್ನು ವಿಚಾರಿಸಿ ನೋಡಿರಿ. ಅದು ಮನೆಯ ಅಂಗವೂ ಹೌದು, ಹಿರಿಯರು ಕುಳಿತುಕೊಳ್ಳುವ ಪೀಠವೂ ಹೌದು. ಅದನ್ನು ಕೊಂಡು ತರಬೇಕಾದುದಿಲ್ಲ, ಹಳತಾಯಿತೆಂದು ಎಸೆಯಬೇಕಾದುದಿಲ್ಲ. ಹಲವು ತಲೆಮಾರುಗಳು ಕುಳಿತು ಎದ್ದುದರಿಂದಲೇ ಅದಕ್ಕೆ ಹೊಳಪು ಬಂದಿರುವುದು. ಇಂದು ಹೊಸದಾಗಿ ಮನೆ ಕಟ್ಟುವವರು ಜಗಲಿಯಲ್ಲಿ ಒಂದು ಕಟ್ಟೆ, ಗೋಡೆಯಲ್ಲಿ ಎರಡು ಗೂಡು, ಒಳಗೊಂದು ಅಟ್ಟ ಇವುಗಳನ್ನು ಕಟ್ಟುವಾಗಲೇ ಸೇರಿಸಿಕೊಂಡರೆ, ಕೊಳ್ಳಬೇಕಾದ ಪೀಠ ಬೀರುಗಳ ಸಂಖ್ಯೆಯು ಅರ್ಧಕ್ಕೆ ಇಳಿಯುವುದು.

ಆದರೆ ಹಿಂದಿನದೆಲ್ಲವನ್ನೂ ಕಣ್ಣುಮುಚ್ಚಿ ಅನುಸರಿಸುವುದೂ ತರವಲ್ಲ. ಆ ಕಂಬಗಳಿಗೂ ಹಲಗೆಗಳಿಗೂ ಬೇಕಾದ ಮಹಾವೃಕ್ಷಗಳು ಅಂದು ಹೇರಳವಾಗಿದ್ದುವು, ಜನರು ವಿರಳವಾಗಿದ್ದರು. ಇಂದು ಪ್ರತಿಯೊಬ್ಬನೂ ಐನ್‌ಮನೆಯ ಕಂಬಗಳಂತಹ ಕಂಬಗಳನ್ನು ಬಯಸಿದರೆ ಕೊಡಗಿನ 1,200ಕ್ಕೂ ಮಿಕ್ಕ ದೇವರಕಾಡುಗಳೂ ಸಾಲವು. ಹಳೆಯ ಅಡುಗೆಮನೆಯ ಹೊಗೆಯು ಅಟ್ಟದ ಬಿದಿರುಬುಟ್ಟಿಗಳನ್ನು ಹುಳುವಿನಿಂದ ಕಾಪಾಡಿತು, ನಿಜ. ಆದರೆ ಅದೇ ಹೊಗೆಯು ತಾಯಂದಿರ ಕಣ್ಣನ್ನೂ ಶ್ವಾಸಕೋಶವನ್ನೂ ಕೆಡಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರವು, ಸೌದೆಯನ್ನು ಉಳಿಸಿ ಹೊಗೆಯನ್ನು ಕೊಳವೆಯ ಮೂಲಕ ಹೊರಕ್ಕೆ ಕಳುಹಿಸುವ ಒಲೆಯನ್ನು ರೂಪಿಸಿದುದು ಈ ಕಾರಣದಿಂದಲೇ. ಅದೇ ಕೇಂದ್ರದವರು ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟನ್ನು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿಯಾದ ಇಟ್ಟಿಗೆಯನ್ನು ಮಾಡುವ ಕ್ರಮವನ್ನೂ ಬೆಳೆಸಿದರು. ಹಳೆಯ ವಿವೇಕವನ್ನು ಹೊಸ ತಿಳಿವಳಿಕೆಯಿಂದ ತಿದ್ದಿಕೊಳ್ಳುವುದೇ ಸರಿಯಾದ ದಾರಿಯೆಂಬುದಕ್ಕೆ ಈ ಎರಡೂ ನಿದರ್ಶನಗಳು.

ಇನ್ನು ಗೋಡೆ ಮತ್ತು ನೆಲಗಳ ವಿಚಾರ. ಕೊಡಗಿನಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಗಳು ತೇವವನ್ನು ಹೀರುವುವು. ತೇವವನ್ನು ಹೀರಿದ ಗೋಡೆಗೆ ಉಸಿರಾಡಲು ಎಡೆಯಿರಬೇಕು. ಪ್ಲಾಸ್ಟಿಕ್ಕಿನ ಪೊರೆಯಂತಹ ಬಣ್ಣವನ್ನು ಬಳಿದರೆ ತೇವವು ಒಳಗೇ ನಿಂತು, ಬಣ್ಣವು ಗುಳ್ಳೆಗುಳ್ಳೆಯಾಗಿ ಎದ್ದು, ಬೂಷ್ಟು ಬೆಳೆಯುವುದು. ಮತ್ತೆ ಕೆರೆದು ಬಳಿಯುವುದಕ್ಕೆ ಖರ್ಚು, ಕೆರೆದ ಪುಡಿಯು ಹಿತ್ತಿಲಿನ ಮಣ್ಣಿಗೆ, ಅಲ್ಲಿಂದ ಬಾವಿಗೆ. ಸುಣ್ಣದ ಗುಣವು ಇದಕ್ಕೆ ವಿರುದ್ಧವಾದುದು. ಸುಣ್ಣವು ಕ್ಷಾರವಾದುದರಿಂದ ಬೂಷ್ಟನ್ನು ತಡೆಯುವುದು. ತೇವವನ್ನು ಹೀರಿ ಬಿಸಿಲು ಬಂದಾಗ ಬಿಟ್ಟುಕೊಡುವುದು. ಒಣಗುವಾಗ ಗಾಳಿಯಲ್ಲಿನ ಇಂಗಾಲಾಮ್ಲವನ್ನು ಸ್ವಲ್ಪಮಟ್ಟಿಗೆ ಮರಳಿ ತೆಗೆದುಕೊಳ್ಳುವುದು. ಚೆನ್ನಾಗಿ ಕೊಳೆಯಿಸಿದ ಸುಣ್ಣಕ್ಕೆ ಕೆಮ್ಮಣ್ಣನ್ನೋ ಹಳದಿ ಮಣ್ಣನ್ನೋ ಬೆರೆಸಿದರೆ ಕಣ್ಣಿಗೆ ತಂಪಾದ ಬಣ್ಣಗಳು ದೊರೆಯುವುವು. ಕೊಂಡ ಬಣ್ಣವನ್ನೇ ಬಳಿಯಬೇಕಾದವರು ಡಬ್ಬಿಯ ಮೇಲಿನ ಬರಹವನ್ನು ಓದಿ ಕೊಳ್ಳಬೇಕು. ಮನೆಯ ಬಣ್ಣಗಳಲ್ಲಿ ಸೀಸದ ಅಂಶವು ಹತ್ತು ಲಕ್ಷಕ್ಕೆ 90 ಪಾಲನ್ನು ಮೀರಕೂಡದೆಂದು ಭಾರತ ಸರ್ಕಾರವು 2016ರಲ್ಲಿ ನಿಯಮವನ್ನು ಮಾಡಿದೆ. ಸೀಸವು ಮುಖ್ಯವಾಗಿ ಮಕ್ಕಳ ಮಿದುಳಿಗೆ ಹಾನಿಕರವಾದುದು; ತೊಟ್ಟಿಲ ಬಣ್ಣವನ್ನು ಮಗುವು ನೆಕ್ಕುವುದುಂಟೆಂಬುದನ್ನು ತಾಯಂದಿರಿಗೆ ಹೇಳಬೇಕಾದುದಿಲ್ಲ.

ಗೋಡೆಯ ಮೇಲೆ ಚಿತ್ರಗಳಿರಬೇಕೆಂಬ ಆಸೆಯು ಸಹಜವಾದುದೇ. ಮಲೆನಾಡಿನ ಸಾಗರದ ಕಡೆಯ ದೀವರ ಮನೆಗಳಲ್ಲಿ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವನ್ನು ಇಲ್ಲಿ ಸ್ಮರಿಸಬಹುದು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಯ ಹಿಟ್ಟಿನ ಬಿಳುಪು, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಪುಂಡಿನಾರಿನ ಕುಂಚ, ಇಷ್ಟೇ ಅದರ ಸಾಮಗ್ರಿ. ಅಂಗಡಿಯಿಂದ ತಂದ ಹೊಳೆಯುವ ಕಾಗದವನ್ನು ಗೋಡೆಗೆ ಅಂಟಿಸುವುದಕ್ಕಿಂತ ಮನೆಯ ಮಗಳ ಕೈಯಿಂದ ಮೂಡಿದ ಒಂದು ಚಿತ್ತಾರವು ಆ ಮನೆಗೆ ಹೆಚ್ಚು ಒಪ್ಪುವುದು. ಮುಂದಿನ ಹಬ್ಬಕ್ಕೆ ಅದನ್ನು ಅಳಿಸಿ ಮತ್ತೊಂದನ್ನು ಬರೆದರೆ ಯಾವ ಕಸವೂ ಉಳಿಯುವುದಿಲ್ಲ.

ಮರಮುಟ್ಟುಗಳ ವಿಷಯವು ಕೊಡಗಿನವರಿಗೆ ಹೆಮ್ಮೆಯದೂ ಹೌದು, ಪರೀಕ್ಷೆಯದೂ ಹೌದು. ಬೀಟೆಯ ಮಂಚ, ಬೀಟೆಯ ಬೀರು ಇವು ಸಿರಿವಂತಿಕೆಯ ಗುರುತುಗಳಾಗಿ ಬಂದಿರುವುವು. ಬೀಟೆಯು ಬಲಿಯುವುದಕ್ಕೆ ಮನುಷ್ಯನ ಮೂರು ತಲೆಮಾರು ಬೇಕು. ಕಡಿಯುವುದಕ್ಕೆ ಒಂದು ಗಂಟೆ ಸಾಕು. ಅದು ಇಂದು ಅಪಾಯಕ್ಕೆ ಸಿಲುಕಿದ ವೃಕ್ಷಗಳ ಪಟ್ಟಿಯಲ್ಲಿ ಸೇರಿದೆ. 2017ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರವು ಸೈಟಿಸ್ ಎಂಬ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿದೆ. ಅಜ್ಜನ ಕಾಲದ ಬೀಟೆಯ ಮಂಚವಿದ್ದರೆ ಅದನ್ನು ಕಾಪಾಡಿಕೊಳ್ಳುವುದು ಪುಣ್ಯ. ಹೊಸ ಮಂಚಕ್ಕಾಗಿ ನಿಂತ ಬೀಟೆಯನ್ನು ಉರುಳಿಸುವುದು ಸಲ್ಲದು.

ಬೀಟೆಗೆ ಬದಲಾಗಿ ಬೇರೇನು ಎಂದರೆ, ಕೊಡಗಿನ ತೋಟಗಳೇ ಉತ್ತರವನ್ನು ಕೊಡುವುವು. ಹಲಸಿನ ಮರವು ಕಾಫಿಗೆ ನೆರಳು, ಮನೆಗೆ ಹಣ್ಣು. ಮುಪ್ಪಾಗಿ ಬಿದ್ದಾಗ ಅದರ ಹಳದಿ ಬಣ್ಣದ ಚೇಗು ಗೆದ್ದಲಿಗೆ ಸುಲಭವಾಗಿ ತುತ್ತಾಗದು. ವರ್ಷಗಳು ಕಳೆದಂತೆ ಕಂದುಗೆಂಪಾಗಿ ಮಾಗುವುದು. ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಓಕ್ ಮರವು ಇಂದು ತೋಟತೋಟಗಳಲ್ಲಿ ಕಾಳುಮೆಣಸಿನ ಬಳ್ಳಿಗೆ ಆಸರೆಯಾಗಿ ನಿಂತಿದೆ. ಅದು ಊರಿನ ಕಾಡುಮರಗಳ ಸ್ಥಾನವನ್ನು ಆಕ್ರಮಿಸಿದೆಯೆಂಬ ದೂರು ನ್ಯಾಯವಾದುದೇ. ಆದರೆ ಬೇಗ ಬೆಳೆಯುವ, ಮತ್ತೆ ನೆಡಬಹುದಾದ ಮರವಾದುದರಿಂದ ಮೇಜು ಕುರ್ಚಿಗಳಿಗೆ ಕಾಡುಮರಕ್ಕಿಂತ ಅದನ್ನು ಬಳಸುವುದು ಮೇಲು. ಚೆನ್ನಾಗಿ ಒಣಗಿಸಿ ಹುಳುವು ಹಿಡಿಯದಂತೆ ಸಂಸ್ಕರಿಸಿದರೆ ಅದರ ಗೆರೆಗಳು ನೋಡಲು ಸೊಗಸಾಗಿಯೇ ಇರುವುವು. ಕಿತ್ತ ಹಳೆಯ ಕಾಫಿ ಗಿಡಗಳ ಬುಡಗಳಿಂದ ಬಡಗಿಗಳು ಮಾಡುವ ಚಿಕ್ಕ ಮೇಜುಗಳು ಕೊಡಗು ಚಿಕ್ಕಮಗಳೂರುಗಳಲ್ಲಿ ಪ್ರಸಿದ್ಧವಾಗಿರುವುವು. ಒಲೆಗೆ ಹೋಗತಕ್ಕ ಬುಡವು ನಡುಮನೆಗೆ ಬಂದು ಅತಿಥಿಗಳ ಲೋಟವನ್ನು ಹೊರುವುದು. ಒಂದು ಬುಡದಂತೆ ಇನ್ನೊಂದಿಲ್ಲ. ಇದಕ್ಕಿಂತ ಅಪೂರ್ವವಾದ ಕೆತ್ತನೆಯನ್ನು ಯಾವ ಕಾರ್ಖಾನೆಯು ಮಾಡಬಲ್ಲುದು? ಹಳೆಯ ಮನೆಗಳನ್ನು ಕಳಚುವಾಗ ದೊರೆಯುವ ಬಾಗಿಲು, ತೊಲೆ, ಹಲಗೆಗಳನ್ನು ಮರಳಿ ಬಳಸುವುದೂ ಉತ್ತಮವಾದ ಪದ್ಧತಿ. ಆ ಮರವು ಆಗಲೇ ಐವತ್ತು ಮಳೆಗಾಲಗಳನ್ನು ಕಂಡು ಒಣಗಿರುವುದರಿಂದ ಸುಲಭವಾಗಿ ಬಾಗುವುದಿಲ್ಲ.

ಅಗ್ಗವಾಗಿ ದೊರೆಯುವ, ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಗಳ ಬೀರುಗಳನ್ನು ಕೊಳ್ಳುವವರು ಎರಡು ಸಂಗತಿಗಳನ್ನು ತಿಳಿದಿರಬೇಕು. ಮೊದಲನೆಯದು, ಕೊಡಗಿನ ತೇವಕ್ಕೆ ಅವು ಉಬ್ಬಿ ಬೇಗ ಒಡೆಯುವುವು. ಎರಡನೆಯದು, ಇಂತಹ ಹಲಗೆಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲವು ಬಹುಕಾಲ ಹೊರಸೂಸುವುದುಂಟು. ಅದು ಮನುಷ್ಯರಲ್ಲಿ ಅರ್ಬುದವನ್ನು ಉಂಟುಮಾಡತಕ್ಕದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನ ವಿಭಾಗವು 2004ರಲ್ಲಿ ನಿರ್ಣಯಿಸಿತು. ಇಂತಹ ಪೀಠೋಪಕರಣವಿರುವ ಕೋಣೆಯಲ್ಲಿ ಕಿಟಕಿಗಳನ್ನು ತೆರೆದಿಡುವುದು ಅವಶ್ಯ. ಯಾವ ಮರವಾದರೂ ಸರಿ, ಗೋಡೆಯಿಂದ ಒಂದು ಗೇಣು ದೂರಕ್ಕೆ ಇಟ್ಟು, ಕಾಲುಗಳ ಮೇಲೆ ನಿಲ್ಲಿಸಿ, ಸುತ್ತಲೂ ಗಾಳಿಯಾಡುವಂತೆ ಮಾಡಬೇಕು. ತೊಲೆಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೂ, ಪೀಠಗಳಿಗೆ ಅಗಸೆ ಎಣ್ಣೆಯಲ್ಲಿ ಕರಗಿಸಿದ ಜೇನುಮೇಣವನ್ನೂ ಹಚ್ಚುವ ರೂಢಿಯು ಈಗಲೂ ಅನುಸರಣೀಯವಾದುದು. ಜೇನಿಗೆ ಹೆಸರಾದ ಕೊಡಗಿನಲ್ಲಿ ಮೇಣಕ್ಕೆ ಬರವಿಲ್ಲ.

ಬಿದಿರಿನ ಮಾತು ಬಂದಾಗ ಮೇದರ ಕೇತಯ್ಯನನ್ನು ಸ್ಮರಿಸದೆ ಮುಂದುವರಿಯುವುದು ಶಿವಭಕ್ತರಿಗೆ ಸಾಧ್ಯವಿಲ್ಲ. ಬಿದಿರನ್ನು ಕಡಿದು, ಸೀಳಿ, ಬುಟ್ಟಿ ಮೊರಗಳನ್ನು ಹೆಣೆದು ಮಾರಿ ದಾಸೋಹ ನಡೆಸಿದ ಆ ಶರಣನನ್ನು ಬಸವಣ್ಣನವರು ತಮ್ಮವನೆಂದು ಅಪ್ಪಿಕೊಂಡರು. ನುಲಿಯ ಚಂದಯ್ಯನು ಹುಲ್ಲಿನ ಹಗ್ಗವನ್ನು ಹೊಸೆದನು. ಕುಂಬಾರ ಗುಂಡಯ್ಯನು ಮಡಕೆಯನ್ನು ಮಾಡಿದನು. ಇವರು ಮುಟ್ಟಿದ ಪದಾರ್ಥಗಳಾದ ಬಿದಿರು, ಹುಲ್ಲು, ಮಣ್ಣುಗಳೆಲ್ಲ ನೆಲದಿಂದ ಎದ್ದು ನೆಲಕ್ಕೆ ಮರಳತಕ್ಕವೆಂಬುದನ್ನು ಗಮನಿಸಬೇಕು. ಹೀಗಿರುವಾಗ ಶರಣರ ಜಯಂತಿಯನ್ನು ಆಚರಿಸಿ, ಮನೆಗೆ ಬಂದ ಮೇದರವನ ಬುಟ್ಟಿಗೆ ಐದು ರೂಪಾಯಿ ಚೌಕಾಸಿ ಮಾಡಿ, ಮರುದಿನ ಪೇಟೆಯಿಂದ ಪ್ಲಾಸ್ಟಿಕ್ಕಿನ ಬುಟ್ಟಿಯನ್ನು ಕೇಳಿದ ಬೆಲೆಗೆ ತರುವುದು ಭಕ್ತರಿಗೆ ಶೋಭಿಸುವುದೆ? ಕೊಡಗಿನಲ್ಲಿ ಹಬ್ಬಹುಣ್ಣಿಮೆಗಳಿಗೆ ವಾದ್ಯ ನುಡಿಸುವ ಮೇದರ ಕುಟುಂಬಗಳು ಇಂದಿಗೂ ಬುಟ್ಟಿ ಹೆಣೆಯಬಲ್ಲವು. ಕೊಳ್ಳುವವರು ಇಲ್ಲದಿದ್ದರೆ ಆ ವಿದ್ಯೆಯು ಒಂದು ತಲೆಮಾರಿನಲ್ಲಿ ಅಳಿದುಹೋಗುವುದು.

ಬಿದಿರು ಬೇಗ ಹುಳು ಹಿಡಿಯುವುದೆಂಬ ಆಕ್ಷೇಪಣೆಯುಂಟು. ಮೂರು ನಾಲ್ಕು ವರ್ಷ ಬಲಿತ ಗಳುಗಳನ್ನು ಕಡಿದು, ಹರಿಯುವ ನೀರಿನಲ್ಲಿ ಕೆಲವು ವಾರ ನೆನೆಯಿಟ್ಟು, ಅದರೊಳಗಿನ ಹಿಟ್ಟಿನ ಅಂಶವನ್ನು ಕಳೆದರೆ ಹುಳುವಿನ ಬಾಧೆಯು ಬಹಳ ಕಡಿಮೆಯಾಗುವುದು. 2017ರಲ್ಲಿ ಅರಣ್ಯ ಕಾಯಿದೆಯನ್ನು ತಿದ್ದಿ, ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರವೆಂಬ ವ್ಯಾಖ್ಯೆಯಿಂದ ತೆಗೆದುಹಾಕಿರುವುದರಿಂದ, ಹಿತ್ತಿಲಿನಲ್ಲಿ ಒಂದು ಮೆಳೆಯನ್ನು ಬೆಳೆಸಿಕೊಳ್ಳುವುದು ಗೃಹಸ್ಥರಿಗೆ ಮೊದಲಿಗಿಂತ ಸುಲಭವಾಗಿದೆ.

ಲಂಟಾನ ಗಿಡದ ಕಥೆಯೂ ಇಲ್ಲಿ ಬೋಧಪ್ರದವಾದುದು. 19ನೆಯ ಶತಮಾನದ ಆದಿಯಲ್ಲಿ ಹೂವಿನ ಅಂದಕ್ಕಾಗಿ, ಅರ್ಥಾತ್ ಅಲಂಕಾರಕ್ಕೆಂದೇ, ಪರದೇಶದಿಂದ ಭಾರತಕ್ಕೆ ತಂದ ಗಿಡವದು. ತೋಟದ ಬೇಲಿಯನ್ನು ದಾಟಿ ಅದು ಇಂದು ನಾಗರಹೊಳೆ, ಬಂಡೀಪುರಗಳ ಕಾಡುಗಳ ನೆಲವನ್ನೆಲ್ಲ ಮುತ್ತಿ, ಹುಲ್ಲು ಬೆಳೆಯಗೊಡದೆ, ಆನೆ ಜಿಂಕೆಗಳ ಮೇವನ್ನು ಕಸಿದುಕೊಂಡಿದೆ. ವಿಚಾರವಿಲ್ಲದ ಅಲಂಕಾರವು ಎಂತಹ ಅನರ್ಥಕ್ಕೆ ಕಾರಣವಾಗುವುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಬೆಂಗಳೂರಿನ ಏಟ್ರೀ ಸಂಸ್ಥೆಯ ನೆರವಿನಿಂದ ಈ ಕಳೆಯ ಕಡ್ಡಿಗಳನ್ನು ಬೇಯಿಸಿ, ಸಿಪ್ಪೆ ತೆಗೆದು, ಬಾಗಿಸಿ, ಬೆತ್ತದಂತೆ ಕುರ್ಚಿ, ಮೇಜು, ಬುಟ್ಟಿಗಳನ್ನು ಮಾಡಲು ಕಲಿತರು. ನೀಲಗಿರಿಯ ಗೂಡಲೂರಿನ ಕಡೆಯ ಬುಡಕಟ್ಟಿನವರು ಲಂಟಾನದಿಂದ ಹೆಣೆದ ನಿಜಗಾತ್ರದ ಆನೆಗಳನ್ನು 2021ರಲ್ಲಿ ಲಂಡನ್ ನಗರದ ಉದ್ಯಾನಗಳಲ್ಲಿ ಜನರು ಕಂಡು ಬೆರಗಾದರು. ಇಂತಹ ಒಂದು ಕುರ್ಚಿಯನ್ನು ಕೊಂಡರೆ ಕಾಡಿನ ಕಳೆಯು ಅಷ್ಟು ಕಳೆಯುವುದು, ಕಾಡಿನ ಮಕ್ಕಳ ಕೈಗೆ ಕೂಲಿಯು ದೊರೆಯುವುದು.

ಹಾಸುಹೊದಿಕೆಗಳ ವಿಷಯದಲ್ಲಿ ಉತ್ತರ ಕರ್ನಾಟಕದ ಶರಣೆಯರಿಂದ ಕಲಿಯತಕ್ಕದ್ದು ಬಹಳ. ಅಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಇಟ್ಟು, ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ, ಕೌದಿಯನ್ನು ಹೊಲಿಯುವರು. ಅಜ್ಜಿಯ ಸೀರೆಯು ಮೊಮ್ಮಗನ ಮೈಯನ್ನು ಬೆಚ್ಚಗಿಡುವುದು. ಕೊಡಗಿನ ಚಳಿಗೆ ಕೌದಿಯೂ ಕುರುಬರ ಕರಿಯ ಕಂಬಳಿಯೂ ಒಳ್ಳೆಯ ಜೊತೆ. ನೆಲಕ್ಕೆ ಹಾಸಲು ನವಲಗುಂದದ ಹತ್ತಿಯ ಜಮಖಾನ, ಕಿಟಕಿಗೆ ಖಾದಿಯ ಪರದೆ, ಮಕ್ಕಳ ಕೈಗೆ ಅರಗಿನ ಬಣ್ಣ ಹಚ್ಚಿದ ಚನ್ನಪಟ್ಟಣದ ಮರದ ಗೊಂಬೆ, ಇವು ಒಂದೊಂದರ ಹಿಂದೆಯೂ ಒಂದೊಂದು ಕನ್ನಡ ಮನೆತನದ ಕಾಯಕವಿದೆ.

ಇಷ್ಟಲಿಂಗಧಾರಿಗಳಾದವರ ಮನೆಯಲ್ಲಿ ಪೂಜಾಸ್ಥಾನಕ್ಕೆ ಆಡಂಬರವು ಎಷ್ಟರ ಮಟ್ಟಿಗೆ ಬೇಕೆಂಬುದನ್ನೂ ವಿಚಾರಿಸಬೇಕು. ಲಿಂಗಕ್ಕೆ ಕರಸ್ಥಲವೇ ಪೀಠವೆಂದು ತಿಳಿದವನಿಗೆ ದೂರದ ಗಣಿಯಿಂದ ತಂದ ಅಮೃತಶಿಲೆಯ ಮಂಟಪವು ಬೇಕಾದುದಿಲ್ಲ. ಶುಚಿಯಾದ ಒಂದು ಮೂಲೆ, ಒಂದು ಮರದ ಮಣೆ, ವಿಭೂತಿ, ಒಂದು ತಂಬಿಗೆ ನೀರು, ಹಿತ್ತಿಲಿನ ಬಿಲ್ವಪತ್ರೆ, ತುಂಬೆ, ದಾಸವಾಳ, ಇಷ್ಟು ಸಾಕು. ಮಳೆಗಾಲದ ಆರಂಭದಲ್ಲಿ ಕಾಡುಮರಗಳ ಮೇಲೆ ಅರಳುವ ಸೀತಾಳೆ ದಂಡೆಯನ್ನು ಬೇರುಸಹಿತ ಕಿತ್ತು ತಂದು ಮನೆಯ ಮುಂದೆ ಕಟ್ಟುವವರುಂಟು. ಹಿತ್ತಿಲಿನಲ್ಲಿ ಬೆಳೆದ ಹೂವು ಪೂಜೆಗೆ ಸಾಲುತ್ತಿರುವಾಗ ಕಾಡಿನ ಹೂವನ್ನು ಕಾಡಿನಲ್ಲಿಯೇ ನೋಡಿ ಕೈಮುಗಿದು ಬರುವುದು ಲೇಸು.

ಹಬ್ಬ, ಜಾತ್ರೆ, ಮದುವೆಗಳ ಅಲಂಕಾರದಲ್ಲಿ ಶ್ರೀಮಠದ ಭಕ್ತರು ಮುಂದಾಳುಗಳಾಗಬೇಕು. ಕರ್ನಾಟಕ ಸರ್ಕಾರವು 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ಕಿನ ಚೀಲ, ತಟ್ಟೆ, ಫ್ಲೆಕ್ಸ್ ಮೊದಲಾದುವನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಅಲಂಕಾರದ ಥರ್ಮೊಕೋಲು ಸಹ ದೇಶದಾದ್ಯಂತ ನಿಷಿದ್ಧವಾಗಿದೆ. ಆದರೆ ಸರ್ಕಾರದ ಆಜ್ಞೆಗೆ ಹೆದರಿ ಬಿಡುವುದಕ್ಕಿಂತ ಗುರುವಿನ ಎದುರಿಗೆ ನಾಚಿ ಬಿಡುವುದು ಹೆಚ್ಚಿನದು. ಮಾವಿನ ತೋರಣ, ಬಾಳೆಯ ಕಂಬ, ತೆಂಗಿನ ಗರಿಯ ಚಪ್ಪರ, ಅಕ್ಕಿಹಿಟ್ಟಿನ ರಂಗವಲ್ಲಿ ಇವುಗಳಿಂದ ಅಲಂಕೃತವಾದ ಅಂಗಳವನ್ನು ಮರುದಿನ ದನಗಳೂ ಇರುವೆಗಳೂ ಶುಚಿ ಮಾಡುವುವು. ದಾಸೋಹದಲ್ಲಿ ಬಾಳೆಯೆಲೆ, ಮುತ್ತುಗದೆಲೆಗಳು ಪ್ರಸಾದಕ್ಕೆ ಹಾಸಾಗಿ ಕೊನೆಗೆ ತೋಟಕ್ಕೆ ಗೊಬ್ಬರವಾಗುವುವು. ಮಹೋತ್ಸವವು ಮುಗಿದ ಮೇಲೆ ಮಠದ ಹಿಂದಿನ ತೊರೆಯಲ್ಲಿ ಒಂದು ಪ್ಲಾಸ್ಟಿಕ್ಕಿನ ಲೋಟವೂ ತೇಲದಿದ್ದರೆ, ಆ ತೊರೆಯ ನೀರನ್ನು ಕೆಳಗೆ ಕುಡಿಯುವ ಅಪರಿಚಿತನಿಗೂ ದಾಸೋಹವು ಸಂದಂತೆಯೇ.

ಇಷ್ಟನ್ನು ಕೇಳಿದ ಮೇಲೆ ಎರಡು ಆಕ್ಷೇಪಣೆಗಳು ಏಳುವುದು ಸಹಜ. ಇದೆಲ್ಲ ಸಿರಿವಂತರ ಹವ್ಯಾಸ, ಬಡವನಿಗೆ ಅಗ್ಗದ ಪ್ಲಾಸ್ಟಿಕ್ಕೇ ಗತಿ ಎಂಬುದು ಮೊದಲನೆಯದು. ಕೈಯಿಂದ ಮಾಡಿದ ಕುರ್ಚಿಗೆ ಬೆಲೆ ಹೆಚ್ಚೆಂಬುದು ಸತ್ಯ. ಆದರೆ ಮೂರು ವರ್ಷಕ್ಕೊಮ್ಮೆ ಮುರಿಯುವ ಕುರ್ಚಿಯನ್ನು ಹತ್ತು ಸಲ ಕೊಳ್ಳುವವನು ಮೂವತ್ತು ವರ್ಷ ಬಾಳುವ ಕುರ್ಚಿಯ ಬೆಲೆಯನ್ನು ತಿಳಿಯದೆಯೇ ತೆತ್ತಿರುವನು. ಅದಕ್ಕಿಂತ ಮುಖ್ಯವಾಗಿ, ಸುಣ್ಣ, ಕೌದಿ, ಗೂಡು, ಕಟ್ಟೆಗಳು ಬಡವನ ಕೈಗೆ ಎಟುಕದ ವಸ್ತುಗಳಲ್ಲ. ತೋಟದ ಮಾಲೀಕನಾದ ಭಕ್ತನು ತನ್ನ ನಡುಮನೆಯನ್ನು ಸಜ್ಜುಗೊಳಿಸುವ ಮೊದಲು ತನ್ನ ತೋಟದ ಲೈನುಮನೆಗಳ ಸೂರು ಸೋರುತ್ತಿಲ್ಲವೇ, ಅಲ್ಲಿಯ ಒಲೆಯ ಹೊಗೆಯು ಹೊರಕ್ಕೆ ಹೋಗುತ್ತಿದೆಯೇ ಎಂಬುದನ್ನು ನೋಡಿ ಬರಲಿ. ಕೂಲಿಯವರ ಮನೆಯಲ್ಲಿ ಮಕ್ಕಳು ತೇವದ ನೆಲದಲ್ಲಿ ಮಲಗಿರುವಾಗ ಮಾಲೀಕನ ಮನೆಯಲ್ಲಿ ಬಿದಿರಿನ ದೀಪದಾನಿಯು ಎಷ್ಟು ಪರಿಸರಸ್ನೇಹಿಯಾಗಿದ್ದರೂ ಅದು ಭಕ್ತಿಯ ಲಕ್ಷಣವಲ್ಲ.

ಹಳೆಯ ಪದ್ಧತಿಗಳೆಲ್ಲ ಹೆಂಗಸರ ದುಡಿಮೆಯ ಮೇಲೆ ನಿಂತಿದ್ದುವೆಂಬುದು ಎರಡನೆಯ ಆಕ್ಷೇಪಣೆ. ಇದು ಒಪ್ಪತಕ್ಕ ಮಾತು. ವಾರವಾರವೂ ನೆಲವನ್ನು ಸಾರಿಸಿದವಳು ಸೊಸೆ, ಹೊಗೆಯಲ್ಲಿ ಕೆಮ್ಮಿದವಳು ತಾಯಿ, ಕೊಂಡಾಡಿಸಿಕೊಂಡವನು ಯಜಮಾನ. ಸತಿಪತಿಗಳು ಕೂಡಿ ನಡೆಸುವ ಭಕ್ತಿಯನ್ನೇ ಮೆಚ್ಚಿದ ಶರಣರ ಮಾರ್ಗದಲ್ಲಿ ಇಂತಹ ಪಕ್ಷಪಾತಕ್ಕೆ ಎಡೆಯಿಲ್ಲ. ಸುಣ್ಣ ಬಳಿಯುವುದು, ಮೇಣ ಹಚ್ಚುವುದು, ಕಸವನ್ನು ಬೇರ್ಪಡಿಸಿ ಗೊಬ್ಬರದ ಗುಂಡಿಗೆ ಹಾಕುವುದು ಇವುಗಳಲ್ಲಿ ಗಂಡಸರು ಪಾಲುಗೊಳ್ಳುವ ಮನೆಯಲ್ಲಿ ಮಾತ್ರ ಈ ಪದ್ಧತಿಯು ಬಾಳುವುದು. ಎಲ್ಲಿ ಹೊಸ ಸಾಧನವು ದುಡಿಮೆಯನ್ನೂ ಹಾನಿಯನ್ನೂ ಒಟ್ಟಿಗೆ ಇಳಿಸುವುದೋ ಅಲ್ಲಿ ಅದನ್ನು ಸಂತೋಷದಿಂದ ಸ್ವೀಕರಿಸತಕ್ಕದ್ದು. 60 ವಾಟಿನ ಹಳೆಯ ಬಲ್ಬಿನ ಬೆಳಕನ್ನು 9 ವಾಟಿನ ಎಲ್‌ಇಡಿ ದೀಪವು ಕೊಡುವಾಗ ಹಳೆಯದನ್ನು ಹಿಡಿದುಕೊಂಡಿರುವುದು ಭಕ್ತಿಯಲ್ಲ.

ಒಟ್ಟಿನ ಮೇಲೆ, ಯಾವ ವಸ್ತುವನ್ನು ಹೊಸ್ತಿಲ ಒಳಕ್ಕೆ ತರುವುದಾದರೂ ಗೃಹಸ್ಥನು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಇದು ನಿಜವಾಗಿಯೂ ಬೇಕೆ? ಇದು ಎಲ್ಲಿಂದ ಬಂದಿತು, ಅಲ್ಲಿ ಮರಳಿ ಬೆಳೆಯುವುದೆ? ಇದನ್ನು ಮಾಡಿದವನಿಗೆ ನ್ಯಾಯವಾದ ಕೂಲಿಯು ಸಂದಿತೆ? ಇದು ಮುರಿದ ದಿನ ಎಲ್ಲಿಗೆ ಹೋಗುವುದು? ಮೊದಲನೆಯ ಪ್ರಶ್ನೆಗೆ ಇಲ್ಲವೆಂಬ ಉತ್ತರವು ಬಂದರೆ ಉಳಿದ ಮೂರರ ಶ್ರಮವೇ ಇಲ್ಲ. ಬಹುಮಟ್ಟಿಗೆ ಉತ್ತರವು ಹಾಗೆಯೇ ಬರುವುದೆಂಬುದು ಅನುಭವಿಗಳಾದ ಗೃಹಿಣಿಯರಿಗೆ ತಿಳಿದಿದೆ. ಬರಿದಾದ ನಡುಮನೆಯಲ್ಲಿ ಹತ್ತು ಜಂಗಮರು ಕುಳಿತು ಪ್ರಸಾದ ಸ್ವೀಕರಿಸಬಹುದು. ಸಾಮಾನುಗಳಿಂದ ಕಿಕ್ಕಿರಿದ ನಡುಮನೆಯಲ್ಲಿ ಒಬ್ಬರಿಗೂ ಎಡೆಯಿರದು. ಮನೆಗೆ ಬಂದವರಿಗೆ ಕುಳಿತುಕೊಳ್ಳಲು ಸ್ಥಳವಿರುವುದೇ ಭಕ್ತನ ಮನೆಯ ಭೂಷಣ.

ಮಹಾಮನೆಯ ಅಂಗಳಕ್ಕೆ ಮಿಕ್ಕ ಅಕ್ಕಿಯನ್ನು ಮರಳಿ ಸುರಿಸಿದ ಲಕ್ಕಮ್ಮ ತಾಯಿಯ ವಿವೇಕವು ಕೊಡಗಿನ ಮನೆಮನೆಗಳಲ್ಲಿಯೂ ನೆಲೆಗೊಳ್ಳಲಿ. ಗುಡ್ಡಗಳು ನೆಟ್ಟಗೆ ನಿಲ್ಲಲಿ. ಕಾವೇರಿಯು ತಿಳಿಯಾಗಿ ಹರಿಯಲಿ. ಶ್ರೀಮಠದ ಈ ಮಹೋತ್ಸವವು ಅಂತಹ ಗೃಹಗಳಿಗೆ ನಾಂದಿಯಾಗಲೆಂದು ಶ್ರೀಗುರುವಿನಲ್ಲಿ ಪ್ರಾರ್ಥನೆ.